ವಾಷಿಂಗ್ ಮಷೀನಿನ ಸೂತಕ

ಆ ದಿನ ಸಂದರ್ಶನದ ಕೋಣೆಯಲ್ಲಿ ಎಷ್ಟು ಜನ ಕೆಮ್ಮಿದರು ಎಂಬುದು ನನಗೀಗ ಖಾತ್ರಿಯಿಲ್ಲ. ಸಂದರ್ಶಕರು ಮೂವರೂ ಕೆಮ್ಮಿದರೆಂದು ಹೇಳಿಕೊಂಡು ಬಂದಿದ್ದೇನೆ. "ಮೊದಲ ಸಲ ಹೇಳಿದಾಗ ಒಬ್ಬರಷ್ಟ ಕೆಮ್ಮಿದ್ರು," ಎಂದು ಹೆಂಡತಿ ನೆನಪಿಸುತ್ತಾಳೆ. ಹೇಳಿ ಹೇಳಿ ಕೆಮ್ಮು ಹೆಚ್ಚಿರಬಹುದು. ಆದರೆ ನಾನು ಹಾಕಿಕೊಂಡು ಹೋದ ಅಂಗಿ ಒಗೆದದ್ದಲ್ಲ, ಅದಂತೂ ನಿಜ.

ಆಗ ನಾನು ರಾಣೆಬೆನ್ನೂರಿನ ಕಾಲೇಜೊಂದರಲ್ಲಿ ಇತಿಹಾಸದ ಅತಿಥಿ ಉಪನ್ಯಾಸಕ. ಹಾವೇರಿಯ ಒಂದು ಕಾಲೇಜಿನಿಂದ ಕಾಯಂ ಕೆಲಸದ ಸಂದರ್ಶನಕ್ಕೆ ಕರೆ ಬಂದಿತ್ತು. ಅದು ಕೈತಪ್ಪಿದರೆ ಬ್ಯಾಡಗಿಯಲ್ಲಿ ಸೋದರಮಾವನ ಮೆಣಸಿನಕಾಯಿ ಅಂಗಡಿಯಲ್ಲಿ ಕೂರಬೇಕೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ರಜೆ ಸಿಕ್ಕಾಗಲೆಲ್ಲ ಹೋಗಿ ಕೂರುವ ಅಭ್ಯಾಸವೂ ಶುರುವಾಗಿತ್ತು. ಕೋಲ್ಡ್ ಸ್ಟೋರೇಜಿನಿಂದ ತಂದ ಚೀಲಗಳನ್ನು ಬಿಚ್ಚಿದ ದಿನ ನನ್ನ ಮೈಮೇಲಿದ್ದದ್ದು ಇದ್ದೊಂದು ಒಳ್ಳೆಯ ಬಿಳಿ ಅಂಗಿ. ಊರಿಗೆ ಬಂದವನೇ ಅದನ್ನು ಲಾಂಡ್ರಿಗೆ ಹಾಕಿದೆ.

ಸಂದರ್ಶನದ ಹಿಂದಿನ ಸಂಜೆ ತರಲು ಹೋದರೆ ನನ್ನ ಗಂಟು ಕೊಟ್ಟ ಹಾಗೇ ಕೂತಿತ್ತು. ಆ ವರ್ಷವಷ್ಟೇ ಕೊಂಡ ದೊಡ್ಡ ವಾಷಿಂಗ್ ಮಷೀನಿನ ಮೇಲೆ ಹಳೆಯ ಸೀರೆ ಹೊದಿಸಿದ್ದರು.

"ಜೋಕುಮಾರ ಸತ್ತಾನಲ್ರಿ ಸರ್ರ," ಎಂದ ಲಾಂಡ್ರಿಯವನು. "ಮೂರು ದಿನ ಒಗ್ಯಾಣ ಇಲ್ಲ."

ಜೋಕುಮಾರ ಗಣಪತಿಯ ಹಿಂದೆಯೇ ಬರುವ ಮಣ್ಣಿನ ದೇವರು. ಮೇಡ್ಲೇರಿ ಕಡೆಯ ಹೆಂಗಸರು ಅವನನ್ನು ಬೇವಿನ ಸೊಪ್ಪಿನ ಬುಟ್ಟಿಯಲ್ಲಿ ಕೂರಿಸಿ, ಬಾಯಿಗೆ ಬೆಣ್ಣೆ ಮೆತ್ತಿ, ನಮ್ಮ ಓಣಿಗೆ ಹೊತ್ತು ತರುತ್ತಾರೆ. ಅವರು ಕೊಟ್ಟ ಪ್ರಸಾದವನ್ನು ಹೊಲಕ್ಕೆ ಚೆಲ್ಲಿದರೆ ಮಳೆ ಬೆಳೆ ಎಂದು ನಂಬಿಕೆ. ಏಳು ದಿನ ಬದುಕಿ, ಕಂಡವರ ಹೆಣ್ಣುಮಕ್ಕಳನ್ನು ಕೆಣಕಿ, ಹುಣ್ಣಿಮೆಗೆ ಹೊಡೆತ ತಿಂದು ಸಾಯುತ್ತಾನೆ. ಸಾಯುವುದು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ. ಹಾಗಾಗಿ ಸೂತಕ ಅಗಸರಿಗೆ; ಅವನಿಗಾಗಿ ಅಳುವುದೂ ಅವರೇ.

"ಕಲ್ಲಿನ ಮ್ಯಾಲ ಒಗೀಬ್ಯಾಡೋ. ಮಷೀನಿಗೂ ಸೂತಕ ಏನು?"

"ಮಷೀನು ಯಾರ ಮನ್ಯಾಗ ಐತ್ರಿ?"

"ಅದು ಮಣ್ಣಿನ ಗೊಂಬಿ, ಮಾರಾಯಾ!"

ಒಳಗಿದ್ದ ಅವನ ಮುದಿ ತಾಯಿ ಹೊರಗೆ ಬಂದಳು. "ಗೊಂಬಿ ಅಂತ ನಮಗೂ ಗೊತ್ತೈತಿ ತಮ್ಮಾ. ಮಣ್ಣು ಕಲಸೂದು ನಾವೂ ನೋಡೇವಿ. ಅಷ್ಟಕ್ಕ ಸತ್ತ ಮನ್ಯಾಗ ಬಟ್ಟಿ ಒಗ್ಯಾಕ ಹಚ್ತೀಯೇನು?"

ಮಗನಿಗೆ ನನ್ನ ಮುಖ ನೋಡಿ ಕನಿಕರವಾಯಿತು. "ಇಸ್ತ್ರಿಗೆ ಏನೂ ಅಡ್ಡಿಲ್ರಿ," ಎಂದ. ಬಿಸಿ ತಾಗಿದ್ದೇ ತಡ ಅಂಗಿಯಿಂದ ಬ್ಯಾಡಗಿಯ ಘಾಟು ಎದ್ದಿತು. ಮೂವರೂ ಸೀನಿದೆವು. "ಪಾಸ್ ಆಗ್ತೀರಿ ಬಿಡ್ರಿ ಸರ್ರ, ನಿಮ್ಮ ಎದುರಿಗೆ ಯಾರು ಕುಂದರತಾರ!" ಎಂದು ನಕ್ಕ.

ಮನೆಗೆ ಒಯ್ದು ನಾನೇ ಒಗೆಯಬಹುದಿತ್ತು. ಯಾಕೆ ಒಗೆಯಲಿಲ್ಲ? ಮೋಡ ಕವಿದಿತ್ತು, ಒಣಗುವುದಿಲ್ಲ ಎಂದುಕೊಂಡೆ ಎಂಬುದು ನನ್ನ ನೆನಪು. ನನ್ನಂಥ ವಿಚಾರವಾದಿಗೆ ಇದು ತೀರಾ ಅನುಕೂಲದ ನೆನಪು. ಮುದುಕಿಯ ಮಾತು ಎಲ್ಲೋ ಚುಚ್ಚಿದ್ದರೂ ಚುಚ್ಚಿರಬಹುದು.

ಮರುದಿನ ಹಾವೇರಿಯಲ್ಲಿ ನನಗೆ ಕೊಟ್ಟ ವಿಷಯ ಪ್ರಾಚೀನ ನಾಗರಿಕತೆಗಳಲ್ಲಿ ದೇವತೆಗಳ ಪಾತ್ರ. ಉತ್ತರ ಬಾಯಿಪಾಠವಿತ್ತು. ಸುಮೇರಿನ ಗುಡಿಗಳು ಧಾನ್ಯದ ಉಗ್ರಾಣಗಳೂ ಆಗಿದ್ದವು, ಈಜಿಪ್ಟಿನ ದೊರೆ ತನ್ನನ್ನೇ ದೇವರೆಂದು ಕರೆಸಿಕೊಂಡ, ಆದ್ದರಿಂದ ಪುರಾಣವೆಂದರೆ ಆಳುವವರ ಉಪಾಯ. ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು. ನಡುವೆ ಕೂತಿದ್ದ ನಿವೃತ್ತ ಪ್ರಾಧ್ಯಾಪಕಿ ಕೆಮ್ಮಿದರು. "ಕ್ಯಾಂಟೀನಿನ್ಯಾಗ ಏನು ಒಗ್ಗರಣಿ ಹಾಕ್ಯಾರ?" ಎಂದು ಸೆರಗು ಮೂಗಿಗಿಟ್ಟುಕೊಂಡರು.

ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ಅಂಗಿಯ ಕಥೆ ಹೇಳಿದೆ: ಲಾಂಡ್ರಿ, ಜೋಕುಮಾರ, ಸೀರೆ ಹೊದ್ದ ಮಷೀನು. ಹೇಳುತ್ತಾ ಹೇಳುತ್ತಾ ನನ್ನ ಸಿದ್ಧ ಉತ್ತರ ಪೇಲವವಾಯಿತು. ಲಾಂಡ್ರಿಯವನನ್ನು ಯಾವ ದೊರೆಯೂ ಆಳುತ್ತಿರಲಿಲ್ಲ. ಮೂರು ದಿನದ ದುಡಿಮೆಯನ್ನು ಅವನೇ ಬಿಟ್ಟಿದ್ದ.

"ಮೆಸೊಪೊಟೇಮಿಯಾದಾಗೂ ಸತ್ತ ದೇವರಿಗೆ ಹೆಂಗಸರು ಅಳತಿದ್ರಲ್ಲ," ಎಂದರು ಪ್ರಾಧ್ಯಾಪಕಿ. "ಪದ್ಧತಿ ಅಂತ ಅಳತಿದ್ರೋ, ಖರೇನ ಅಳತಿದ್ರೋ?"

"ಅಷ್ಟು ಹಿಂದಿನವರದು ಗೊತ್ತಿಲ್ಲ ಮೇಡಮ್."

"ರಾಣೆಬೆನ್ನೂರಿನವರದು?"

"ಅದೂ ಗೊತ್ತಿಲ್ಲ. ಕೇಳಲಿಲ್ಲ."

"ಯಾಕ ಕೇಳಲಿಲ್ಲ?"

"ಅಂಗಿ ಚಿಂತಿಯೊಳಗಿದ್ದೆ."

ಅವರ ಪಕ್ಕದವರು ಫೈಲು ಮುಚ್ಚಿದರು. ಬ್ಯಾಡಗಿಯ ಮಾವನ ಅಂಗಡಿಯ ಗಾದಿ ನನ್ನ ಕಣ್ಣ ಮುಂದೆ ಬಂತು. ಆದರೆ ಪ್ರಾಧ್ಯಾಪಕಿ ನಗುತ್ತಿದ್ದರು. "ಬರೂ ವರ್ಷ ಕೇಳ್ಕೊಂಡು ಬಂದು ನಮ್ಮ ಹುಡುಗರಿಗೆ ಹೇಳ್ರಿ," ಎಂದರು. ನಮಸ್ಕಾರ ಮಾಡಿ ಹೊರಬಿದ್ದೆ. ಬಸ್ಸು ಮೋಟೆಬೆನ್ನೂರು ದಾಟಿದ ಮೇಲಷ್ಟೇ ಆ ಮಾತಿನ ಅರ್ಥ ಹೊಳೆದು, ಕಿಟಕಿ ಪಕ್ಕದ ಅಪರಿಚಿತರಿಗೆ ಪೇರಲಹಣ್ಣು ಕೊಡಿಸಿದೆ.

ಮುಂದಿನ ವರ್ಷ, ಹುಣ್ಣಿಮೆಯ ಮರುದಿನ, ಕಾಲೇಜಿಗೆ ಹೋಗುವ ಮುಂಚೆ ಲಾಂಡ್ರಿಗೆ ಹೋದೆ. ಮುದುಕಿ ಕಟ್ಟೆಯ ಮೇಲೆ ಕೂತಿದ್ದಳು. ಕೇಳಬೇಕೆಂದಿದ್ದ ಪ್ರಶ್ನೆಯನ್ನು ಕೇಳಿದೆ.

"ಶುರು ಆಗೂದು ಪದ್ಧತಿಗೆ ತಮ್ಮಾ. ಆಮ್ಯಾಲ ನಮ್ಮನಿಯವರು ನೆನಪಾಗ್ತಾರ, ತೀರಿಹೋದ ಮಗಳು ನೆನಪಾಗ್ತಾಳ," ಎಂದಳು. "ನಿನಗ ಕೆಲಸ ಸಿಕ್ತಂತಲ್ಲ, ಚಲೋ ಆತು ಬಿಡು." ಸೆರಗಿನಿಂದ ಕಣ್ಣೊರೆಸಿಕೊಂಡಳು, ಸೆರಗು ಒದ್ದೆಯಾಯಿತು.

ಹಾವೇರಿಯ ಬಸ್ಸು ಹಿಡಿದು ಮೊದಲ ವರ್ಷದ ತರಗತಿಗೆ ಹೋಗಿ ಅಷ್ಟನ್ನೇ ಹೇಳಿದೆ: ನಿಜವಾಗಿಯೂ ಅಳುತ್ತಾರೆ, ನೋಡಿ ಬಂದಿದ್ದೇನೆ.