ಆವಲಪ್ಪನ ಕಲ್ಲಿನ ಮೇಜು

ಆವಲಪ್ಪನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಮುಚ್ಚುಮರೆ ಯಾಕೆ? ಶಿವಾರಪಟ್ಟಣದಲ್ಲಿ ನಮ್ಮಿಬ್ಬರ ಮನೆ ಎದುರುಬದುರು. ನಮ್ಮದು ವಿಗ್ರಹ ಕಡೆಯುವ ಮನೆತನ, ಅವರದು ರಾಗಿ ಬೆಳೆಯುವ ಮನೆ. ಅವನೋ, ಚಿನ್ನದ ಗಣಿಯ ದೊರೆಗಳ ಕ್ಲಬ್ಬಿನಲ್ಲಿ ಸ್ನೂಕರ್ ಮೇಜಿನ ಮೇಲೆ ಚೆಂಡು ಜೋಡಿಸಿಕೊಡುವ ಆಳಾಗಿದ್ದು, ಹನ್ನೊಂದು ವರ್ಷ ಕಳೆದ ಮೇಲೆ ಊರಿಗೆ ವಾಪಸು ಬಂದಿದ್ದ. ಆಡುವ ಕೋಲು ಮುಟ್ಟಿದನೆಂದು ದೊರೆಯೊಬ್ಬ ಕಪಾಳಕ್ಕೆ ಬಿಟ್ಟಿದ್ದನಂತೆ. ಅಷ್ಟಾದರೂ ಜಂಬ ಇಳಿದಿರಲಿಲ್ಲ. ಬೂಟುಗಾಲಲ್ಲೇ ನನ್ನ ಕೆಲಸದ ಚಪ್ಪರಕ್ಕೆ ನುಗ್ಗುತ್ತಿದ್ದ.

೧೯೩೮ರಲ್ಲಿ ಕೋಲಾರದ ವಕೀಲರು ತಮ್ಮದೇ ಕ್ಲಬ್ಬು ತೆರೆಯುವ ಸುದ್ದಿ ಬಂತು. ಆಟ ಕಲಿಸುವವನೊಬ್ಬ ಬೇಕು, ಯುಗಾದಿ ಕಳೆದ ಮೇಲೆ ಆಡಿಸಿ ನೋಡಿ ತೆಗೆದುಕೊಳ್ಳುತ್ತಾರೆ ಎಂದರು. ಇವನು ಆಟ ನೋಡಿದ್ದನೇ ಹೊರತು ಆಡಿದವನಲ್ಲ. ಅಟ್ಟಕ್ಕೇರದವ ಬೆಟ್ಟಕ್ಕೇರಿಯಾನೆ? ಆದರೆ ಈ ಕೆಲಸ ಸಿಗದಿದ್ದರೆ ಅತ್ತಿಗೆಯ ಕೈಲಿ ಅನ್ನಿಸಿಕೊಂಡು ಅಣ್ಣನ ಹೊಲದಲ್ಲಿ ಬಿದ್ದಿರಬೇಕು. ಮನೆಯಲ್ಲೇ ಒಂದು ಮೇಜು ಮಾಡಿಸಿ ಕಲಿಯುತ್ತೇನೆಂದು ಹಟ ಹಿಡಿದ.

ಗಣಿಯ ಕ್ಲಬ್ಬಿನವರು ಬಿಸಾಕಿದ ಏಳೆಂಟು ಚೆಂಡು ಅವನಲ್ಲಿದ್ದವು. ಬಡಗಿ ಶ್ರೀರಾಮಪ್ಪ ತೇಗದ ಕೋಲು ಹೆರೆದುಕೊಟ್ಟ. ತುದಿಗೆ ಹಳೇ ಚಪ್ಪಲಿಯ ತೊಗಲು. ಅಂಚಿಗೆ ಸೈಕಲ್ ಟ್ಯೂಬು, ಚೆಂಡು ಬೀಳುವ ತೂತುಗಳಿಗೆ ಹುರಿಯ ಬಲೆ, ಮೇಲೆ ಹಾಸಲು ಹಸಿರು ಬನಾತಿನ ಬಟ್ಟೆ. ಬನಾತಿನ ಅಡಿಗೆ ಹಲಗೆಯಲ್ಲ, ಸಮನಾದ ಕಲ್ಲೇ ಬೇಕಂತೆ; ಅದಕ್ಕೆ ನಾನೇ ಗತಿ.

“ಏನ್ಲಾ ಆಚಾರಿ, ಆರಡಿ ಉದ್ದ, ಮೂರಡಿ ಅಗಲ, ಕನ್ನಡಿ ಥರ ಇರ್ಬೇಕು. ನೀನು ಕಡೆಯೋ ಪೀಠ ಅಲ್ಲ ಇದು. ದೇವ್ರು ಸೊಟ್ಟಗೆ ಕೂತ್ರೂ ಬಾಯ್ ಬಿಡಲ್ಲ, ಚೆಂಡು ಬಿಡುತ್ತೆ.”

ಮೈಯೆಲ್ಲ ಉರಿದುಹೋಯಿತು. ಆದರೂ ಕೆಲಸಕ್ಕೆ ಮೋಸ ಮಾಡಲಿಲ್ಲ. ಆದರೆ ಮೂವತ್ತು ವರ್ಷ ಪೀಠ ಕಡೆದ ಕೈ ಇದು. ಅಭಿಷೇಕದ ನೀರು ಹರಿದುಹೋಗಲೆಂದು ನಾವು ಪೀಠವನ್ನು ಉತ್ತರದ ಕಡೆ ಒಂದು ನೂಲಿನಷ್ಟು ತಗ್ಗಿಸುತ್ತೇವೆ. ನನ್ನನ್ನು ಕೇಳದೆ ಕೈ ಇಲ್ಲೂ ಅದನ್ನೇ ಮಾಡಿತ್ತು. ಅವನ ನಡುಮನೆಯಲ್ಲಿ ಕಲ್ಲು ಕೂರಿಸಿದ ದಿನ ಚೆಂಡು ತಾನಾಗಿ ಒಂದು ಪಕ್ಕಕ್ಕೆ ಉರುಳಿದ್ದು ನನಗೆ ಕಂಡಿತು. ಅವನು ಹೆಂಡತಿ ಆದಿಲಕ್ಷ್ಮಮ್ಮನನ್ನು ಗದರುತ್ತಿದ್ದ, ನೋಡಲಿಲ್ಲ. ಎರಡು ದಿನ ಉಜ್ಜಿದ್ದರೆ ಸರಿಹೋಗುತ್ತಿತ್ತು. ಹೇಳಲಿಲ್ಲ. ಅನುಭವಿಸಲಿ ಮಗ ಎಂದುಕೊಂಡು ಮನೆಗೆ ಬಂದು ಹೊಟ್ಟೆ ತುಂಬ ಉಂಡೆ.

ಐದು ತಿಂಗಳು ಬೆಳಗಾದರೆ ಟಕ್, ಟಕ್. ಚೆಂಡು ಎಷ್ಟು ವಾಲುತ್ತದೋ ಅಷ್ಟು ಆಚೆಗೆ ಗುರಿಯಿಟ್ಟು ಹೊಡೆಯುವುದು ಅವನಿಗೇ ಗೊತ್ತಾಗದೆ ಕೈಗೆ ಅಂಟಿಬಿಟ್ಟಿತು. ಕೊನೆಕೊನೆಗೆ ಒಂದೂ ತಪ್ಪುತ್ತಿರಲಿಲ್ಲ. ಅದನ್ನು ನೋಡಿ ಹೊಟ್ಟೆಕಿಚ್ಚು ಬೇರೆ!

ಯುಗಾದಿ ಕಳೆದು ಕೋಲಾರಕ್ಕೆ ಹೋದವನು ಮಾರನೆಯ ಮಧ್ಯಾಹ್ನ ನೇರವಾಗಿ ನನ್ನ ಚಪ್ಪರಕ್ಕೇ ಬಂದ.

“ಏನಾಯ್ತೋ?” ಅಂದೆ.

“ಒಂದೂ ಬೀಳ್ಲಿಲ್ಲ ಕಣೋ. ಎಲ್ಲಾ ಅಂಚಿಗೆ ಬಡಿದು ವಾಪಸ್. ನಿಮ್ಮ ಮೇಜೇ ಸೊಟ್ಟ ಸ್ವಾಮಿ ಅಂದೆ. ಬಿದ್ದು ಬಿದ್ದು ನಕ್ಕರು. ಬಿಳಿ ದೊರೆಗಳ ಸೀಮೆಯಿಂದ ತರಿಸಿದ್ದಂತೆ. ಎಲ್ಲಿಂದಾನಾ ಬರ್ಲಿ, ನಮ್ಮೂರ ಆಚಾರಿ ಕಡೆದ ಕಲ್ಲಿಗೆ ಸಮ ಇಲ್ಲ, ಮುತ್ಯಾಲಮ್ಮನಾಣೆ ಅಂದೆ. ಕತ್ತು ಹಿಡಿದು ಆಚೆ ನೂಕಿದ್ರು.”

ಹುಟ್ಟಿದಂದಿನಿಂದ ನನ್ನ ಕೆಲಸದ ಬಗ್ಗೆ ಒಂದು ಒಳ್ಳೆಯ ಮಾತಾಡದವನು!

“ಅವರದೇ ಸೊಟ್ಟ ಅಲ್ವೇನೋ? ನೀನೇ ಹೇಳು ಆಚಾರಿ.”

ಥೂ, ನನ್ನ ಜನ್ಮಕ್ಕಿಷ್ಟು.

“ಹೌದು ಕಣೋ,” ಅಂದೆ. “ಅವರದೇ ಸೊಟ್ಟ.”