ಸೆಮಿಫೈನಲ್ ಆಡಬೇಡ ಎಂದದ್ದು

ಕಳೆದ ವರ್ಷ ನಮ್ಮ ಮಗಳು ದೇಶದ ಮಹಿಳಾ ರಗ್ಬಿ ತಂಡಕ್ಕೆ ಆಯ್ಕೆಯಾಗಿ ಪರದೇಶಕ್ಕೆ ಹೋದಳು. ಕ್ವಾರ್ಟರ್‌ಫೈನಲ್ ಪಂದ್ಯದ ದಿನ ನಾನು ರಜೆ ಹಾಕಿದೆ. ವಾಡಿಯ ರೈಲ್ವೆ ಕ್ವಾರ್ಟರ್ಸಿನ ನಮ್ಮ ಮನೆಯಲ್ಲಿ ಮೊಬೈಲನ್ನು ತಂಬಿಗೆಗೆ ಆನಿಸಿಟ್ಟು ಗಂಡಹೆಂಡತಿ ಇಬ್ಬರೂ ನೋಡುತ್ತ ಕುಳಿತೆವು.

ಏಳೇಳು ಮಂದಿ ಆಡುವ ಆಟ ಅದು. ಕೊನೆಯ ನಿಮಿಷಗಳಲ್ಲಿ ನಮ್ಮವರು ಸ್ವಲ್ಪ ಮುಂದಿದ್ದರು. ಚೆಂಡು ಅವುಚಿಕೊಂಡು ಮೈದಾನದ ಅಂಚಿನಲ್ಲಿ ಓಡುತ್ತಿದ್ದ ಮಗಳ ದವಡೆಗೆ ಎದುರಾಳಿಯ ಭುಜ ಬಡಿಯಿತು. ಬಿದ್ದಳು.

"ಅಕಿ ಏಳವಲ್ಲಳ್ರಿ," ಎಂದಳು ನನ್ನ ಹೆಂಡತಿ.

ಏಳುತ್ತಾಳೆ ಎಂದೆ. ಎದ್ದಳು ಕೂಡ. ಆದರೆ ತನ್ನವರನ್ನು ಬಿಟ್ಟು ಎದುರಾಳಿಗಳ ಸಾಲಿನಲ್ಲಿ ಹೋಗಿ ನಿಂತಳು.

ಪೆಟ್ಟು ತಲೆಗೇ ಆಗಿದೆ ಎಂದು ನನಗೆ ಗೊತ್ತಾಯಿತು. ಸೈನ್ಯದಲ್ಲಿದ್ದಾಗ ನಾನೂ ರಗ್ಬಿ ಆಡಿದವನು. ಒಮ್ಮೆ ತಲೆಗೆ ಪೆಟ್ಟು ಬಿದ್ದು ಕಣ್ಣು ಕತ್ತಲೆ ಬಂದಾಗ ಮುಖಕ್ಕೆ ನೀರು ಎರಚಿ ಮತ್ತೆ ಒಳಗೆ ಕಳಿಸಿದರು. ಉಳಿದ ಆಟವನ್ನೆಲ್ಲ ಆಡಿದೆನಂತೆ, ಒಂದಿಷ್ಟೂ ನೆನಪಿಲ್ಲ. ಎರಡು ತಿಂಗಳು ತಲೆ ಸಿಡಿಯುತ್ತಿತ್ತು. ಹೇಳಿದರೆ ಅಂಜುಬುರುಕ ಅನ್ನುತ್ತಾರೆಂದು ಬಾಯಿ ಮುಚ್ಚಿಕೊಂಡಿದ್ದೆ. ಎದುರಾಳಿಯ ತಲೆಯೆತ್ತರಕ್ಕೆ ಭುಜ ಕೊಟ್ಟು ಹಾಯುವವನಿಗೆ ಆಗ ಶಭಾಷ್ ಎನ್ನುತ್ತಿದ್ದರು. ನಾನೂ ಹಾಗೆ ಹಾಯ್ದವನೇ.

ಈಗ ಹಾಗಲ್ಲ. ರೆಫ್ರಿ ಎದುರಾಳಿಗೆ ಕೆಂಪು ಕಾರ್ಡು ತೋರಿಸಿ ಹೊರಗೆ ಕಳಿಸಿದರು. ಡಾಕ್ಟರು ಓಡಿ ಬಂದು, ಕೊಸರಾಡುತ್ತಿದ್ದ ಮಗಳ ತೋಳು ಹಿಡಿದು ಕರೆದೊಯ್ದರು. ನಮ್ಮವರು ಗೆದ್ದರು. ಮಗಳು ಮಾತ್ರ ಮತ್ತೆ ಕಾಣಲಿಲ್ಲ.

ಮೂರು ತಾಸು ಫೋನ್ ಇಲ್ಲ. ಹೆಂಡತಿ ನಾದಿದ ಹಿಟ್ಟನ್ನು ಹಾಗೇ ಬಿಟ್ಟು ಬಾಗಿಲಲ್ಲಿ ಕುಳಿತಳು. ನಾನು ಅಂಗಳದಲ್ಲಿ ತಿರುಗಿದೆ. ಸಂಜೆ ಮಗಳೇ ಫೋನ್ ಮಾಡಿದಳು. ಮರುದಿನದ ಸೆಮಿಫೈನಲ್‌ಗೆ ಡಾಕ್ಟರು ಬಿಡುತ್ತಿಲ್ಲ, ಅಪ್ಪನಾದ ನಾನೇ ಕೋಚ್ ಜೊತೆ ಮಾತಾಡಿ ಒಪ್ಪಿಸಬೇಕು ಎಂದಳು.

"ನೀನೂ ಪೆಟ್ಟು ತಿಂದು ಆಡೀದಿ ಅಲ್ಲಪಾ. ನಂಗೇನೂ ಆಗಿಲ್ಲ."

ಆ ಕಥೆಯನ್ನು ಅವಳಿಗೆ ಹೆಮ್ಮೆಯಿಂದ ಹೇಳಿದವನು ನಾನೇ. ತಲೆ ಸಿಡಿದದ್ದನ್ನು ಮಾತ್ರ ಹೇಳಿರಲಿಲ್ಲ.

"ನೀ ಬೀಳೂ ಮುಂದ ಚೆಂಡು ಯಾರು ಕೊಟ್ರವ್ವಾ?" ಎಂದು ಕೇಳಿದೆ.

ತಂಡದ ಒಬ್ಬ ಗೆಳತಿಯ ಹೆಸರು ಹೇಳಿದಳು. ಆ ಹುಡುಗಿ ಆಗ ಮೈದಾನದಲ್ಲೇ ಇರಲಿಲ್ಲ, ಹೊರಗೆ ಬೆಂಚಿನ ಮೇಲಿದ್ದಳು.

"ಎರಡ್ ತಿಂಗಳು ನನ್ನ ತಲಿ ಭಾಳ ನೋಯ್ತಿತ್ತವ್ವಾ. ಯಾರಿಗೂ ಹೇಳಿದ್ದಿಲ್ಲ. ನೀ ಆಡಬ್ಯಾಡ."

ಫೋನ್ ಕಟ್ ಮಾಡಿದಳು. ಮರುದಿನ ಅವಳಿಲ್ಲದೆ ಆಡಿದ ತಂಡ ಸ್ವಲ್ಪದರಲ್ಲಿ ಸೋತಿತು.

ಮನೆಗೆ ಬಂದ ಮೇಲೆ ನಾಲ್ಕು ದಿನ ನನ್ನೊಡನೆ ಮಾತಿಲ್ಲ. ಐದನೆಯ ದಿನ ಬೆಳಕು ತಾಳದೆ ಕಣ್ಣಿಗೆ ಕೈ ಅಡ್ಡ ಹಿಡಿದು ಬಂದು, ಅಕ್ಷರ ಎರಡೆರಡಾಗಿ ಕಾಣುತ್ತಿವೆ ಎಂದಳು. ಆಗಲೇ ಕಲಬುರಗಿಯ ಆಸ್ಪತ್ರೆಗೆ ತೋರಿಸಲು ರೈಲು ಹತ್ತಿದೆವು. ಶಹಾಬಾದ್ ದಾಟುವಾಗ ನನ್ನ ಭುಜಕ್ಕೆ ಒರಗಿ ನಿದ್ದೆಹೋದಳು. ಸುಮ್ಮನೆ ನಿದ್ದೆಯೋ ಬೇರೇನೋ ತಿಳಿಯದೆ ಎರಡು ಸಲ ಎಬ್ಬಿಸಿದೆ. ಆರು ವಾರ ವಿಶ್ರಾಂತಿ ಬೇಕು, ಗುಣವಾಗುತ್ತದೆ ಎಂದರು ಅಲ್ಲಿನ ಡಾಕ್ಟರು. ಹಾಗೆಯೇ ಆಯಿತು.

ಈಗ ಮತ್ತೆ ಆಡುತ್ತಾಳೆ. ನಾನು ಬೇಡವೆಂದಿಲ್ಲ. ಅವಳ ಆಟವಿದ್ದ ದಿನ ನನಗೆ ಊಟ ಸೇರುವುದಿಲ್ಲ.