ಕಾರವಾರದ ಫೋಟೊಗಳಿಲ್ಲ

ನಮ್ಮ ಕಾಲೇಜಿನ ಆಡಳಿತ ಮಂಡಳಿಯವರೇ, ಭೂಗೋಳದ ಮೇಡಂ ಅವರಿಂದ ಪ್ರವಾಸದ ಹೊಣೆಯನ್ನು ನೀವು ಕಿತ್ತುಕೊಂಡದ್ದು ಅನ್ಯಾಯ. ಪ್ರವಾಸದ ಫೋಟೊಗಳನ್ನು ಕಾಲೇಜಿನ ಜಾಲತಾಣಕ್ಕೆ ಹಾಕಲಿಲ್ಲ ಎಂಬುದೊಂದೇ ನೀವು ಕೊಟ್ಟ ಕಾರಣ.

ನಾನು ಅವರ ವಿದ್ಯಾರ್ಥಿನಿಯಾಗಿದ್ದೆ. ಧಾರವಾಡದಿಂದ ಬಸ್ಸು ಹೊರಡುತ್ತಲೇ ಅವರು ತಮ್ಮ ಫೋನನ್ನು ಚೀಲದ ತಳಕ್ಕೆ ತುರುಕಿ, ಮೇಲೆ ರೊಟ್ಟಿಯ ಗಂಟು ಇಡುತ್ತಿದ್ದರು. “ಮೊದಲ ನಿಮ್ಮ ಕಣ್ಣಿಲೆ ನೋಡ್ರಿ” ಎಂಬುದು ದಾರಿಯುದ್ದಕ್ಕೂ ಅವರ ಮಾತು.

ಕಳೆದ ವರ್ಷ ಕಾರವಾರಕ್ಕೆ ಹೋಗಿದ್ದೆವು. ಉಪ್ಪಿನಬೆಟಗೇರಿಯ ಗೆಳತಿಯೊಬ್ಬಳು ಮೊದಲ ಬಾರಿ ಸಮುದ್ರ ಕಂಡು, ತೊಯ್ದ ಬಟ್ಟೆಯಲ್ಲೇ ತೆರೆಗಳ ನಡುವೆ ಕುಳಿತು ಗಟ್ಟಿಯಾಗಿ ನಗುತ್ತಿದ್ದಳು. ಅವಳ ಫೋಟೊ ಎಲ್ಲಿಯೂ ಹೋಗುವುದಿಲ್ಲವೆಂದು ಮೇಡಂ ಮಾತು ಕೊಟ್ಟ ಮೇಲೆಯೇ ಮನೆಯವರು ಕಳಿಸಿದ್ದರು. ಸಹಪಾಠಿಯೊಬ್ಬಳು ಫೋನ್ ಎತ್ತಿದಳು. ಮೇಡಂ ಅಂಗೈ ಅಡ್ಡ ಹಿಡಿದರು.

“ಹಂಗಾದ್ರ ಸಮುದ್ರಕ್ಕ ಹೋಗಿದ್ವಿ ಅಂದ್ರ ಯಾರ್ ನಂಬ್ತಾರ್ರೀ ಮೇಡಂ?”

“ನಾಳೆ ಬಟ್ಟಿ ಒಗಿಯೂ ಮುಂದ ಉಸುಕು ಬೀಳ್ತೈತಲಾ, ನಿಮ್ಮವ್ವ ನಂಬ್ತಾಳ. ಫೋನ್ ಒಳಗ ಇಡವಾ.”

ನೀವು ಫೋಟೊ ಕೇಳಿದಾಗ ಅವರು ವಾದಿಸಲಿಲ್ಲ. “ಆ ಹುಡುಗಿ ಮನ್ಯಾಗ ಮಾತು ಕೊಟ್ಟೇನ್ರಿ” ಎಂದರು, ಅಷ್ಟೇ.

ಈ ವರ್ಷ ನೀವು ಪ್ರವಾಸಕ್ಕೆ ಹೋದವರೆಲ್ಲರ ಫೋಟೊ ಹಾಕುವುದನ್ನು ಕಡ್ಡಾಯಗೊಳಿಸಿದಿರಿ. ಆ ಗೆಳತಿಯ ತಂಗಿ ಈಗ ನಿಮ್ಮಲ್ಲೇ ಓದುತ್ತಿದ್ದಾಳೆ. ಅವಳನ್ನು ಮನೆಯವರು ಪ್ರವಾಸಕ್ಕೆ ಕಳಿಸಲಿಲ್ಲ.

ಮೇಡಂ ಅವರಿಗೆ ಹೊಣೆಯನ್ನು ಮರಳಿಸಬೇಕು, ಈ ನಿಯಮವನ್ನು ಕೈಬಿಡಬೇಕು ಎಂದು ವಿನಂತಿಸುತ್ತೇನೆ. ಫೋಟೊದಲ್ಲಿ ಕಾಣಿಸಿಕೊಳ್ಳಲಾಗದ ಹುಡುಗಿ ಸಮುದ್ರವನ್ನು ಯಾವಾಗ ನೋಡಬೇಕು ಎಂಬುದಕ್ಕೆ ದಯವಿಟ್ಟು ಲಿಖಿತ ಉತ್ತರ ಕೊಡಿ. ಅದನ್ನು ಆ ತಂಗಿಗೆ ನಾನೇ ಓದಿ ಹೇಳುತ್ತೇನೆ.